ಎಪ್ಪತ್ತು, ಮೂವತ್ತು

ಸಿದ್ದಾಪುರದ ಸಂತೆಯ ದಿನ ಮೊಯ್ದು ಅಂಗಡಿಯಲ್ಲಿ
ಕೈಗೆ ಬಂದ ಪೊಟ್ಟಣ ಕೈಯಲ್ಲೇ ನಿಂತಿತು.
ಕಾಫಿ ಎಪ್ಪತ್ತು, ಚಿಕೋರಿ ಮೂವತ್ತು ಎಂದು ಅಚ್ಚಾಗಿದೆ.
ಮೊನ್ನೆ ಮಡಿಕೇರಿಯ ಸಭೆಯಲ್ಲಿ ಸಾಹುಕಾರರು ಆಡಿದ್ದು,
‘ಲೈನ್‌ಮನೆಯವರಿಗೆ ಓಟೇಕೆ?’
ಅದೆಷ್ಟು ಪಾಲು, ಬರೆದಿಲ್ಲ.

ನಾನು ಹುಟ್ಟಿದ್ದು ಲೈನ್‌ಮನೆಯಲ್ಲಿ.
ಪುಡಿ ಚೆನ್ನಾಗಿದೆ, ಸುಳ್ಳು ಹೇಳಲಾರೆ;
ನನ್ನ ಬೆಳಗಿನ ತಲೆನೋವಿಗೆ ಬೇರೆ ಯಾವುದೂ ನಾಟದು.

‘ಇದು ಬೇಡ, ಆ ಹಸಿರು ಪೊಟ್ಟಣ ಕೊಡಿ’ ಎಂದೆ.
ಮೊಯ್ದು ನಕ್ಕರು: ‘ಇದರ ಸಾಹುಕಾರ ಒಳ್ಳೆಯವನೋ?’
‘ಗೊತ್ತಿಲ್ಲ. ಇನ್ನೂ ಬಾಯಿ ಬಿಟ್ಟಿಲ್ಲ.’

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತಳು ಪಾಲಿ,
ಅದೇ ಸಾಹುಕಾರರ ಕಾಫಿ ವರ್ಕ್ಸಿನಲ್ಲಿ ಪೊಟ್ಟಣ ಮುಚ್ಚುವವಳು.
ಉಗುರ ಸಂದಿಯಲ್ಲಿ ಪುಡಿ, ಸೆರಗೆಲ್ಲ ಆ ಘಮ.
ಹಸಿರು ಪೊಟ್ಟಣವನ್ನು
ಹಸಿಮೀನಿನ ಕೆಳಗೆ ತಳ್ಳಿ
ಮಕ್ಕಳ ಸುದ್ದಿ ಕೇಳಿದೆ.