ಕಾವಲು ಮಾತ್ರ ಇವನದು

ಇಕ್ಕಳದ ಬೋನು ಇಟ್ಟವನು ನಾನೇ.
ವಾರದಲ್ಲಿ ಮೂರು ಕುರಿಮರಿ ಸತ್ತಿದ್ದವು,
ಕತ್ತಿನ ಹತ್ತಿರ ಎರಡೆರಡು ತೂತು.
ಯಜಮಾನ ಫೆರ್ಮಾಕ್ ಗಾಡಿಯಿಂದ ಇಳಿಯದೆಯೇ ಹೇಳಿದ:
'ಮಣ್ಣುತೋಳ. ತಲೆಗೆ ನೂರು ರ‍್ಯಾಂಡ್.'

ಬೆಳಿಗ್ಗೆ ಸತ್ತು ಸಿಕ್ಕಿತ್ತು.
ಮೈಮೇಲೆ ಬೇಲಿಯ ನೆರಳು ಬಿದ್ದಂತೆ ಪಟ್ಟೆ.
ಕೊನೆಯ ತನಕ ಕೇಸರ ನಿಮಿರಿಸಿ
ತಾನೊಂದು ದೊಡ್ಡ ಕತ್ತೆಕಿರುಬ ಎಂದು
ಕತ್ತಲಿಗೆ ಸುಳ್ಳು ಹೇಳಿರಬೇಕು.
ಈಗ ಕೂದಲು ಮಲಗಿತ್ತು. ಎತ್ತಿದರೆ
ನಮ್ಮ ನಾಯಿಗಿಂತ ಹಗುರ.

ಔಮಾ ಸೀನಾ (ನಮ್ಮ ಕರೂ ಬಯಲಲ್ಲಿ ಅಜ್ಜಿಗೆ ಹಾಗೆನ್ನುತ್ತೇವೆ)
ಗಂಜಿ ತಿರುವುತ್ತಿದ್ದ ಕೈ ಲಂಗಕ್ಕೆ ಒರೆಸಿಕೊಂಡು ಬಂದಳು,
ಅದರ ಬಾಯಿ ತೆರೆದಳು,
ದವಡೆಯ ಉದ್ದಕ್ಕೂ ಬೆರಳೆಳೆದಳು.
ನನ್ನ ಬೆರಳನ್ನೂ ಹಿಡಿದು ಒಳಗೆ ತಳ್ಳಿದಳು.
ಮುಂದೆ ಕೋರೆಹಲ್ಲು ಉಂಟು, ಜಗಳಕ್ಕೆ.
ಹಿಂದೆ? ಒಡೆದ ಜೋಳದ ನುಚ್ಚಿನಷ್ಟು ಮೊಳೆಗಳು,
ಒಂದಕ್ಕೊಂದು ಮಾತು ಬಿಟ್ಟಂತೆ ದೂರ ದೂರ.
ಆಮೇಲೆ ತನ್ನ ಬಾಯಿ ತೆರೆದು ತೋರಿಸಿದಳು.
'ಇದೂ ಅದೇ, ಯೋಪಿ. ಈ ಬಾಯಲ್ಲಿ
ನಾನೆಷ್ಟು ಕುರಿ ಕಡಿದಿದ್ದೇನೆ ಹೇಳು.'

ಹೊಟ್ಟೆ ಸೀಳಿದೆ.
ಉಣ್ಣೆಯಿಲ್ಲ, ಮೂಳೆಯಿಲ್ಲ.
ಗೆದ್ದಲು, ಮರಳು, ಮತ್ತೆ ಗೆದ್ದಲು.
ಒಂದು ಚಮಚ ಎಣಿಸಿ ಸುಸ್ತಾದೆ,
ಇನ್ನೂ ಒಂದು ಬೋಗುಣಿ ಉಳಿದಿತ್ತು.
ಟರ್ಪಂಟೈನಿನಂಥ ವಾಸನೆ ಅಡುಗೆಮನೆಯವರೆಗೂ.

ಹುಡುಗಿಯಾಗಿ ಕುರಿ ಕಾಯುವಾಗ ಔಮಾ ನೋಡಿದ್ದಳಂತೆ:
ಮೂತಿ ತಗ್ಗಿಸಿ, ಕಿವಿ ಮುಂದೆ ಮಾಡಿ ಬರುತ್ತದೆ.
ಹುಲ್ಲಿನಲ್ಲಿ ಗೆದ್ದಲು ಸರಿದಾಡುವ ಸದ್ದು,
ನಮಗೆ ಕೇಳದ್ದು, ಅದಕ್ಕೆ ಜಡಿಮಳೆ.
ಅಗೆಯುವುದಿಲ್ಲ, ಹುತ್ತ ಒಡೆಯುವುದಿಲ್ಲ, ನೆಕ್ಕುತ್ತದೆ.
ಸೈನಿಕರು ಹೊರಬಂದು ಮೂತಿಯಿಂದ ಕಹಿ ಅಂಟು ಚಿಮ್ಮಿದರೆ
ತಲೆ ಕೊಡವಿ ಮುಂದಿನ ಗುಂಪಿಗೆ ಹೋಗುತ್ತದೆ.
'ನಾಳೆಗೂ ಇರಲಿ ಅಂತಲ್ಲ,' ಎಂದಳು, 'ಕಹಿ ಜಾಸ್ತಿಯಾಯಿತು ಅಂತ.
ಅದನ್ನು ನಾವು ಸಾಧು ಮಾಡಬೇಕಾಗಿಲ್ಲ.'

ಬಾಲ ಎತ್ತಿ ನೋಡಿದಳು. 'ಗಂಡು. ಇದು ನವೆಂಬರ್. ಎಲ್ಲೋ ಬಿಲವಿದೆ.'
ಇತ್ತು. ಗೆದ್ದಲು ಕಟ್ಟಿದ್ದಕ್ಕೆ ಹಾವು ಸೇರಿದ ಹಾಗೆ
ಜಿಗಿಮೊಲ ಅಗೆದದ್ದಕ್ಕೆ ಇವರು.
ಹೆಣ್ಣು ಮೇಯಲು ಹೋದರೆ ಗಂಡು ಬಾಗಿಲಲ್ಲಿ ಕೂರಬೇಕು,
ಕಪ್ಪುಬೆನ್ನಿನ ನರಿಗಳಿಗೆ ಎದುರಾಗಿ.
'ಮರಿಗಳು ಪಕ್ಕದ ಬಯಲಿನವನವೂ ಇರಬಹುದು,' ಔಮಾ ನಕ್ಕಳು,
'ಕಾವಲು ಮಾತ್ರ ಇವನದು.'
ನಗು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ.
ಅಜ್ಜ ಕ್ಲಾಸ್‌ನ ಹೆಸರು ನನ್ನಪ್ಪನಿಗಿದೆ,
ಮೂಗಿಲ್ಲ.

ಆ ರಾತ್ರಿ ಕಂಬಳಿ ಹೊದ್ದು ಹೋದೆ. ಯಾರೂ ಹೇಳಿರಲಿಲ್ಲ.
ಗಾಳಿ ನನ್ನ ಮುಖಕ್ಕೆ ಬರುವಂತೆ
ಬಿಲದಿಂದ ಐವತ್ತು ಹೆಜ್ಜೆ ದೂರ ಕೂತೆ.
ನರಿ ಬಂತು, ಕಲ್ಲೆಸೆದೆ. ಮತ್ತೆ ಬಂತು.
ನಡುರಾತ್ರಿ ಕಳೆದು ಅವಳು ಬಂದಳು,
ನನ್ನ ಕಂಡದ್ದೇ ಬೆನ್ನ ಕೂದಲೆಲ್ಲ ಎದ್ದು
ಎರಡರಷ್ಟಾದಳು, ಸಣ್ಣ ಮೈಯ ಒಳಗಿಂದ ಗುಡುಗಿದಳು.
ಆ ಸುಳ್ಳನ್ನು ಪೂರ್ತಿ ನಂಬಿ
ನಾನು ಹಿಂದೆ ಸರಿದೆ.

ಆರು ರಾತ್ರಿ ಹೀಗೆ.
ಅತ್ತ ನಾಲ್ಕನೆಯ ಕುರಿಮರಿ ಸತ್ತಿತು, ಐದನೆಯದೂ.
ಫೆರ್ಮಾಕ್ ನೂರು ರ‍್ಯಾಂಡ್ ವಾಪಸ್ ಕೇಳಲಿಲ್ಲ,
ನಾನೂ ಕೊಡಲಿಲ್ಲ.

ಏಳನೆಯ ರಾತ್ರಿ ಬಿಲ ಬರಿದು.
ಮರಿಗಳನ್ನು ಬೇರೆ ಕಡೆ ಒಯ್ದಳೋ, ಅಥವಾ
ಆ 'ಅಥವಾ' ಮುಗಿಸದೆ ಸುತ್ತ ಹುಡುಕಿದೆ.
ಮೊಣಕಾಲೆತ್ತರದ ಹುಲ್ಲುಕಡ್ಡಿಯ ತುದಿಗೆ
ಉಗುರಿನಷ್ಟು ಅಂಟು, ಬಾಲದ ಬುಡ ಒರೆಸಿ ಹೋದದ್ದು.
ಗಾಳಿ ತಗಲುತ್ತ ತಗಲುತ್ತ ಕಪ್ಪಾಗುತ್ತದೆ ಎಂದಿದ್ದಳು ಔಮಾ.
ಲಾಟೀನು ಹತ್ತಿರ ತಂದೆ.
ಹಳದಿ.