ಟ್ಯೂಬ್‌ಲೈಟು

ಸ್ಲೈಗೋ ಪೇಟೆಯ ಹೋಟೆಲಲ್ಲಿ ಶನಿವಾರದ ತರಬೇತಿ.
ಅಟ್ರಾಕ್ಟ ಟೀಚರಿಗೆ ಎಡಗೈಲಿ ಪೆನ್ಸಿಲು,
ಕಿವಿತುಂಬ ಯಂತ್ರದ ಮೊರೆತ.
"ಬೇಗ ಬರೀರಿ" ಅಂದಳು ಹೇಳಿಕೊಡುವ ಹುಡುಗಿ,
ವಯಸ್ಸು ಇಪ್ಪತ್ತೈದೂ ಇರಲಿಕ್ಕಿಲ್ಲ.

ಬೇಗ.
ಫಿಯಾಕ್ರನತ್ತ ದಿನಕ್ಕೆಷ್ಟು ಸಲ
ಎಸೆದಿದ್ದಳೋ ಈ ಮಾತು,
ಸೀಮೆಸುಣ್ಣದ ಚೂರಿನಂತೆ.

ಸರ್ಟಿಫಿಕೇಟು ಕಾರಿನ ಹಿಂದಿನ ಸೀಟಲ್ಲೇ ಉಳಿಯಿತು.
ಸೋಮವಾರ, ಯಾರೂ ಬರುವ ಮುಂಚೆ,
ಹನ್ನೊಂದು ವರ್ಷ ಪಾಠ ಹೇಳಿದ ಕೋಣೆಯಲ್ಲಿ
ಸುಮ್ಮನೆ ಕೂತಳು.
ಆಗ ಕೇಳಿಸಿತು: ಟ್ಯೂಬ್‌ಲೈಟು ಗುಂಯ್‌ಗುಡುತ್ತಿದೆ.
ಆರಿಸಿದಳು.

ಕಿಟಕಿಯಲ್ಲಿ ಕಡಲ ಬೂದು ಬೆಳಕು.
ಫಿಯಾಕ್ರ ಬಂದ. ಕಿವಿಯಿಂದ ಒಂದು ಕೈ ತೆಗೆದ,
ತುಸು ತಡೆದು ಇನ್ನೊಂದನ್ನೂ.
"ಈಗ ಸ್ಟಾಫ್‌ರೂಮಿನ ಫ್ರಿಜ್ಜು" ಅಂದ.

ಅವಳು ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ.
ಆದರೂ ಎದ್ದು ಹೊರಟಳು,
ಪ್ಲಗ್ಗು ಹುಡುಕಿಕೊಂಡು.