ಆರು ಕಾಲಿನ ನಾಯಿ

ಚಿಲೋಯೆ ದ್ವೀಪದಲ್ಲಿ, ನೀರಿಗೆ ಕಂಬ ಊರಿ ನಿಂತ
ಕಾಸ್ತ್ರೋದ ಮರದ ಮನೆಗಳ ಸಾಲು:
ಹನ್ನೊಂದು ಫೋಟೋ, ಎಡದಿಂದ ಬಲಕ್ಕೆ,
ಒಂದರ ಸೆರಗು ಇನ್ನೊಂದರ ಮೇಲೆ ಮೂರು ಬೆರಳಷ್ಟು ಹೊದೆಸಿ.

ರಾತ್ರಿ ಹೊಲಿಯಲು ಕೂತಳು ಎರ್ಮೆಲಿಂಡಾ.
ಹಳದಿ ಮನೆಗೆ ಹಸಿರು ಮನೆ ಕೂಡಿತು,
ತಗಡಿನ ಮಾಡಿಗೆ ಮಾಡು, ತಂತಿಗೆ ತಂತಿ.
ಮೋಡ ಹಾದದ್ದರಿಂದ ಐದನೆಯದು ತುಸು ಮಂಕು,
ಅದನ್ನೂ ತಿದ್ದಿದಳು.

ನೀರು ಮಾತ್ರ ಒಪ್ಪಲಿಲ್ಲ.
ಮೊದಲ ಚಿತ್ರದಲ್ಲಿ ಕಟ್ಟೆ ಮುಳುಗಿಸಿದ ಕಡಲು
ಕೊನೆಯದರಲ್ಲಿ ಕೆಸರು ಬಿಟ್ಟು ಇಳಿದಿತ್ತು.
ನಡುವೆ ಟ್ರೈಪಾಡನ್ನು ಅಲ್ಲೇ ನಿಲ್ಲಿಸಿ
ನಾವೆಲ್ಕಿನ್ ಮುದುಕನ ಜೊತೆ ಚಹಾ ಕುಡಿಯುತ್ತ
ಅವನ ಮಂಡಿನೋವಿನ ಕಥೆ ಕೇಳಿದ್ದಳಲ್ಲ,
ಆ ಹೊತ್ತೆಲ್ಲ ಈಗ ಏಳಕ್ಕೂ ಎಂಟಕ್ಕೂ ನಡುವೆ
ಗೇಣೆತ್ತರದ ಮೆಟ್ಟಿಲಾಗಿ ಕಡಲಿನಲ್ಲಿ ನಿಂತಿದೆ.

ಮೂರು ನಾಲ್ಕರ ಸಂದಿಯಲ್ಲಿ ಒಂದು ನಾಯಿ.
ಅದರ ಪಾಡಿಗೆ ಅದು ನಡೆಯುತ್ತಿತ್ತು.
ಯಂತ್ರ ಎರಡು ಚಿತ್ರವನ್ನೂ ನಂಬಿ
ಉದ್ದ ಬೆನ್ನು, ಆರು ಕಾಲು ಕೊಟ್ಟುಬಿಟ್ಟಿದೆ.

ಎರಡು ಕಾಲು ಅಳಿಸಿದಳು.
ಅಲೆಯಿಂದ ಅಲೆ ಎರವಲು ತಂದು ನೀರನ್ನೂ ಮಟ್ಟ ಮಾಡಿದಳು.
ಪುರಸಭೆಗೆ ಬೇಕಾದದ್ದು ಅದೇ:
ನಾಲ್ಕು ಮೀಟರ್ ಗೋಡೆಗೆ
ಎಲ್ಲೂ ಗೆರೆ ಕಾಣದ ಒಂದು ಬೆಳಗು.

ಅಳಿಸದ ಪ್ರತಿಯೊಂದನ್ನು
(ಕಡಲು ಇಳಿದ ಹಾಗೇ, ಕಾಲು ಆರೂ ಹಾಗೇ)
ಸುರುಳಿ ಸುತ್ತಿ ಮುದುಕನ ಬಾಗಿಲಿಗೆ ಒಯ್ದಳು.
ಆತ ಕನ್ನಡಕ ಹುಡುಕಿ, ಒರೆಸಿ,
ಮನೆಗಳನ್ನು ಬಿಟ್ಟು ಅಲ್ಲೇ ಬೆರಳಿಟ್ಟ:
“ನಮ್ಮ ಪುಲ್ಗಾ ಅಲ್ಲವೇನೇ ಇದು?
ಹೌದು, ಅದು ಹೋಗೋದೇ ಹೀಗೆ.”